ಸೋಪು ಹಚ್ಚಿದ ಕಮಾನು

ನಮ್ಮ ಚಿಕ್ಕೋನ ವಿಷ್ಯ ಹೇಳ್ತೀನಿ, ಕೇಳಿ. ಚಿಕ್ಕೋನು ಅಂದ್ರೆ ಈಗೇನು ಚಿಕ್ಕೋನಲ್ಲ. ತಲೆ ಪೂರ್ತಿ ಹತ್ತಿ ಆಗಿದೆ, ಮೊಮ್ಮಕ್ಕಳು ಹೆಗಲ ಮೇಲೆ ಹತ್ತಿ ಕಿವಿ ಹಿಡ್ಕೊಂಡು ಕೂತ್ಕೋತಾವೆ. ಆದ್ರೆ ಮನೇಲಿ ಎಲ್ಲರಿಗಿಂತ ಕೊನೇಗೆ ಹುಟ್ಟಿದೋನು, ಹಾಗೇ ಕರೆದು ಅಭ್ಯಾಸ. ಮದುವೆ ಆದ್ಮೇಲೂ ಚಿಕ್ಕೋನೇ, ಹೊಟ್ಟೆ ಬಂದ್ಮೇಲೂ ಚಿಕ್ಕೋನೇ. ಅವನ ಹೆಂಡ್ತಿ ಮಾತ್ರ ಮೊದಲ ದಿನದಿಂದ ‘ಪಿಟೀಲು’ ಅಂತಲೇ ಕರೀತಾಳೆ. "ಪಿಟೀಲು, ಹಾಲು ತಂದ್ಯಾ?" "ಪಿಟೀಲು, ಮಗೂ ಮೂಗು ಒರೆಸು." ಅವಳು ಆಸ್ಪತ್ರೇಲಿ ನರ್ಸು. ಬಾಯಿ ಒರಟು, ಕೈ ಮಾತ್ರ ಬೆಣ್ಣೆ. ಅವಳು ಚುಚ್ಚಿದ ಸೂಜಿ ಒಳಗೆ ಹೋಗಿದ್ದೂ ಗೊತ್ತಾಗಲ್ಲ, ಆಚೆ ಬಂದಿದ್ದೂ ಗೊತ್ತಾಗಲ್ಲ. ಆಡಿದ ಮಾತು ಮಾತ್ರ ವಾರಗಟ್ಟಲೆ ನೋಯುತ್ತೆ.

ಅದಿರಲಿ. ಪಿಟೀಲಿಗೆ ಬರೋಣ.

ಅಪ್ಪನಿಗೆ ಹೊಲಿಗೆ ಅಂಗಡಿ. ಮಿಷಿನ್ನು ಕಟಕಟ ಅನ್ನೋದು ನಿಲ್ಲಿಸಿದ್ರೆ ಮಾತ್ರ ಮನೇಲಿ ಒಬ್ಬರ ಮಾತು ಒಬ್ಬರಿಗೆ ಕೇಳ್ತಿತ್ತು. ಅಂಥ ಮನೇಲಿ ಹುಟ್ಟಿದ ಕೂಸಿಗೆ ಸಂಗೀತದ ಹುಚ್ಚು ಹೇಗೆ ಹತ್ತಿತು ಅಂತೀರಾ? ಪಿಟೀಲು ಮೇಷ್ಟ್ರೊಬ್ಬರು ಕೋಟು ಹೊಲಿಸೋಕೆ ಬಂದ್ರು. "ಬಲಗಡೆ ಕಂಕುಳು ಸಡಿಲ ಇರ್ಲಿ, ನಾನು ಕಮಾನು ಎಳೀಬೇಕು" ಅಂದ್ರು. ಅಪ್ಪ ಹೊಲಿದ. ಬಿಗಿ ಅಂದ್ರು. ಬಿಚ್ಚಿ ಮತ್ತೆ ಹೊಲಿದ. ಈಗ ಜೋಳಿಗೆ ಆಯ್ತು ಅಂದ್ರು. ಅಪ್ಪನಿಗೆ ರೇಗಿ ಹೋಯ್ತು. "ಸ್ವಾಮೀ, ಆ ಪಿಟೀಲನ್ನೇ ತಗೊಂಡು ಬನ್ನಿ, ಅದಕ್ಕೂ ಅಳತೆ ತಗೋತೀನಿ" ಅಂದ. ಮೇಷ್ಟ್ರು ನಿಜವಾಗ್ಲೂ ತಂದ್ರು! ಹೊಸ ಕೋಟು ಹಾಕ್ಕೊಂಡು, ಅಂಗಡಿ ಮಧ್ಯ ನಿಂತು, ಒಂದು ಹಾಡು ಪೂರ್ತಿ ನುಡಿಸಿ, "ಈಗ ಸರಿ ಇದೆ" ಅಂತ ಹೇಳಿ ಹೊರಟೇ ಹೋದ್ರು. ನಮ್ಮ ಚಿಕ್ಕೋನು ಮೂಲೇಲಿ ಬಟ್ಟೆ ಚೂರು ಹೆಕ್ತಾ ಇದ್ದೋನು ಎದ್ದು ಅವರ ಹಿಂದೇನೇ ಹೊರಟ. ಸಂಜೆ ಅವನನ್ನ ಹುಡುಕಿ ತರೋ ಹೊತ್ತಿಗೆ ಅಮ್ಮನಿಗೆ ಅರ್ಧ ಜೀವ ಹೋಗಿತ್ತು.

ಹಾಗೆ ಶುರುವಾಯ್ತು ಪಾಠ. ಆ ಮೇಷ್ಟ್ರ ಮನೇಲಿ ಪಿಟೀಲು ಪೆಟ್ಟಿಗೆ ತೆಗೆದ್ರು ಅಂದ್ರೆ ಯಾರೂ ಕೆಮ್ಮೋ ಹಾಗಿಲ್ಲ, ಪಾತ್ರೆ ಮುಟ್ಟೋ ಹಾಗಿಲ್ಲ. ಗೋಡೆ ಗಡಿಯಾರದ ಲೋಲಕ ಇರುತ್ತಲ್ಲ, ಅದನ್ನೂ ಕೈಯಲ್ಲಿ ಹಿಡಿದು ನಿಲ್ಲಿಸಿಬಿಡ್ತಿದ್ರು. ಟಿಕ್ ಟಿಕ್ ಅನ್ನೋದೂ ಅವರ ಪಾಲಿಗೆ ಹರಟೆ. ಪಾಠ ಮುಗಿದ್ಮೇಲೆ ತಳ್ಳಿ ಬಿಡ್ತಿದ್ರು, ಆದ್ರೆ ಮುಳ್ಳು ಸರಿ ಮಾಡೋದು ಮರೀತಿದ್ರು. ಮೇಷ್ಟ್ರ ಹೆಂಡ್ತಿ ಪಾಪ, ಹೋದ ಕಡೆ ಎಲ್ಲಾ ತಡ. ಸ್ವಂತ ತಂಗಿ ಮದುವೇಗೆ ಹೋದ್ರೆ ಅಲ್ಲಿ ಕುರ್ಚಿ ಮಡಚಿಡ್ತಾ ಇದ್ರಂತೆ!

ಅಲ್ಲೇ ಒಂದ್ಸಲ ನಮ್ಮೋನು ಒಂದು ಘನಕಾರ್ಯ ಮಾಡಿದ. ಮೇಷ್ಟ್ರನ್ನ ಮೆಚ್ಚಿಸೋಣ ಅಂತ, ಕಮಾನಿನ ಕೂದಲು ಕಪ್ಪಾಗಿದೆ ಅಂತ ಸೋಪು ಹಚ್ಚಿ ತಿಕ್ಕಿಟ್ಟ. ಮಾರನೇ ದಿನ ಮೇಷ್ಟ್ರು ಕಮಾನು ಎಳೆದ್ರೆ ಪಿಟೀಲು ಮೂಕ! ಕಮಾನಿಗೆ ಕುದುರೆ ಬಾಲದ ಕೂದಲು ಕಟ್ಟಿರ್ತಾರೆ, ಅದಕ್ಕೆ ರಾಳ ಉಜ್ಜಿ ಒರಟು ಮಾಡಿದ್ರೇನೇ ತಂತಿ ಹಿಡಿಯೋದು, ಸದ್ದು ಬರೋದು. ಸೋಪು ಬಿತ್ತೋ, ಎಣ್ಣೆ ಹಾಕಿದ ತಲೆ ಮೇಲೆ ಬಾಚಣಿಗೆ ಜಾರಿದ ಹಾಗೆ ಜಾರುತ್ತೆ, ಅಷ್ಟೇ. "ಹೇಗೂ ಸೋಪು ತಂದಿದ್ದೀಯ, ಕೂತ್ಕೋ, ನಿನ್ನ ತಲೆಗೂ ಹಚ್ತೀನಿ" ಅಂದ್ರಂತೆ ಮೇಷ್ಟ್ರು.

ಒಟ್ಟಿನಲ್ಲಿ ಅವನ ತಲೇಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಡ್ತು. ಕೇಳೋದು ಅಂದ್ರೆ ಬಾಯಿ ಮುಚ್ಕೊಂಡು, ಕೈ ಕಟ್ಕೊಂಡು, ಉಸಿರು ಬಿಗಿಹಿಡ್ಕೊಂಡು ಕೇಳೋದು. ಮಿಕ್ಕಿದ್ದೆಲ್ಲಾ ಅವಮಾನ.

ಇಂಥೋನಿಗೆ ಕೆಲಸ ಸಿಕ್ಕಿದ್ದು ಎಲ್ಲಿ? ಹೋಟೆಲ್ಲಲ್ಲಿ.

ಬಸ್ ನಿಲ್ದಾಣದ ಎದುರು ಬೀದಿ, ಕೆಳಗೆ ಔಷಧಿ ಅಂಗಡಿ, ಮಹಡಿ ಮೇಲೆ ಹೋಟೆಲ್ಲು. ಕಡಿದಾದ ಮೆಟ್ಟಿಲು ಹತ್ತಿದ್ರೆ ಉದ್ದನೆ ಹಾಲು, ನಡುವೆ ಎರಡು ಕಂಬ, ಬಿಳಿ ಬಟ್ಟೆ ಹಾಸಿದ ಟೇಬಲ್ಲುಗಳು. ಮೆಟ್ಟಿಲ ಬಾಯಲ್ಲಿ ಗಲ್ಲಾ, ಅಲ್ಲಿ ಯಜಮಾನ್ರು. ಈ ಕಡೆ ತುದೀಲಿ, ಕೈ ತೊಳೆಯೋ ಬೇಸಿನ್ನಿಗೂ ಅಡುಗೆಮನೆ ಬಾಗಿಲಿಗೂ ನಡುವೆ ಒಂದು ಮರದ ಕಟ್ಟೆ. ಅದೇ ಸ್ಟೇಜು. ಒಂದು ಕಿವಿಗೆ ನಲ್ಲಿ ನೀರು, ಇನ್ನೊಂದು ಕಿವಿಗೆ ಬಾಣಲೆ. ಎದುರಿಗೆ ಜನ.

ಜನ ಅಂದ್ರೆ ಎಂಥ ಜನ ಅಂತೀರಾ! ಕೂತ್ರು, ಶುರು. ಮಂಡಿ ನೋವು, ಮನೆ ಬಾಡಿಗೆ, ಮಗನ ಮಾರ್ಕು, ಪಕ್ಕದ ಮನೆ ನಾಯಿ. ಬಾಯಲ್ಲಿ ತುತ್ತು ಇದ್ರೂ ಮಾತು, ಇಲ್ದಿದ್ರೂ ಮಾತು. ಒಬ್ಬ ಮಹರಾಯ ಅಂತೂ ನಮ್ಮೋನು ಕಣ್ಣು ಮುಚ್ಚಿ ಕರುಳು ಕಿತ್ತು ಬರೋ ಹಾಗೆ ನುಡಿಸ್ತಾ ಇದ್ರೆ, ಅವನ ಮೊಣಕೈ ಮುಟ್ಟಿ, "ಇಲ್ಲಿ ಎರಡು ನೀರು" ಅಂದ. ಇನ್ನೊಂದು ಸಲ ಯಾರದೋ ಹುಟ್ಟುಹಬ್ಬ, ಫೋಟೋ ತೆಗೀವಾಗ "ಸ್ವಲ್ಪ ಆ ಕಡೆ ಹೋಗ್ತೀರಾ, ನೀವು ಅಡ್ಡ ಬರ್ತಿದ್ದೀರ" ಅಂದ್ರು. ಆ ಕಡೆ ಅಂದ್ರೆ ಬೇಸಿನ್ನು. ಒಂದು ದಿನ ಹಾಡು ಮುಗಿಸ್ತಾನೆ, ಇಡೀ ಹಾಲು ಚಪ್ಪಾಳೆ! ನಮ್ಮೋನಿಗೆ ಕಣ್ಣಲ್ಲಿ ನೀರು ಬಂತು, ತಲೆ ಬಗ್ಗಿಸಿ ನಮಸ್ಕಾರ ಮಾಡಿದ. ತಲೆ ಎತ್ತಿ ನೋಡಿದ್ರೆ ಕಂಬದ ಆಚೆ ಟೇಬಲ್ಲಲ್ಲಿ ಒಬ್ಬ ಹುಡುಗ ತನ್ನ ಹುಡುಗಿ ಕೈಗೆ ಉಂಗುರ ಹಾಕ್ತಾ ಇದ್ದ. ಎಲ್ಲರ ಬೆನ್ನೂ ಇವನ ಕಡೆ.

ಅವನು ಮಾಡದ ಪ್ರಯತ್ನ ಇಲ್ಲ. ಜೋರಾಗಿ ನುಡಿಸಿದ. ಅವರೂ ಜೋರಾಗಿ ಮಾತಾಡಿದ್ರು. ಅವರ ಮಾತಿಗೆ ಸಪ್ಲಯರ್‌ಗಳು ಕಿರುಚಿದ್ರು, ಸಪ್ಲಯರ್‌ಗಳ ಮೇಲೆ ಅಡುಗೆಯೋರು ಕಿರುಚಿದ್ರು, ಕೊನೇಗೆ ಕೆಳಗಡೆ ಔಷಧಿ ಅಂಗಡಿಯೋನು ಮೇಲೆ ಬಂದು "ಇಲ್ಲೇನು ಹೊಡೆದಾಟ ನಡೀತಿದ್ಯಾ?" ಅಂತ ಕೇಳಿದ. ಮೆಲ್ಲಗೆ ನುಡಿಸಿದ್ರೆ ಜನ ನಾಚಿಕೊಂಡು ಸುಮ್ಮನಾಗ್ತಾರೆ ಅಂತ ಯಾರೋ ಹೇಳಿದ್ರು. ನಾಚಿಕೆ ಎಲ್ಲಿಂದ ಬರಬೇಕು? ಒಂದು ಸಂಜೆಯೆಲ್ಲಾ ಒಂದೇ ಹಾಡನ್ನ ತಿರುಗಿಸಿ ತಿರುಗಿಸಿ ನುಡಿಸಿದ. ಒಬ್ಬರೂ ಹುಬ್ಬು ಎತ್ತಲಿಲ್ಲ. ದೊಡ್ಡ ಸಪ್ಲಯರ್ರು, ವಯಸ್ಸಾದೋರು, ಚಪ್ಪಲಿ ಎಳ್ಕೊಂಡು ಓಡಾಡ್ತಿದ್ರು, ಅವರು ಮಾತ್ರ ಹತ್ರ ಬಂದು, "ಏನಯ್ಯಾ, ಗ್ರಾಮಫೋನು ಸೂಜಿ ಸಿಕ್ಕಾಕ್ಕೊಂಡಿದ್ಯಾ?" ಅಂದ್ರು.

ಹೀಗೆ ವರ್ಷಗಳು ಹೋದ್ವು. ಮೊದಮೊದಲು ಮನೆಗೆ ಬಂದು ರೇಗಾಡ್ತಿದ್ದ. ಆಮೇಲೆ ರೇಗೋದೂ ನಿಂತು ಹೋಯ್ತು. ಬೆಳಿಗ್ಗೆ ಎದ್ದು ಮನೇಲಿ ಅಭ್ಯಾಸ ಮಾಡ್ತಿದ್ದೋನು, ಪೆಟ್ಟಿಗೆ ಬೀರು ಮೇಲಿಟ್ಟು ಪೇಪರ್ ಓದೋಕೆ ಶುರು ಮಾಡಿದ. ಜಾಹೀರಾತು ಸಮೇತ ಓದ್ತಿದ್ದ. ಹೆಂಡ್ತಿಗೆ ಅದು ಸರಿ ಕಾಣ್ಲಿಲ್ಲ.

"ಯಾಕೆ, ಪಿಟೀಲಿಗೆ ಜ್ವರಾನಾ?"

"ಯಾರಿಗೆ ನುಡಿಸ್ಬೇಕು ಹೇಳು. ಗೋಡೆಗಾ?"

"ನಮ್ಮ ವಾರ್ಡಿಗೆ ಬಾ. ನಾನು ಇಷ್ಟು ವರ್ಷ ಸೂಜಿ ಚುಚ್ಚಿದ್ದೀನಿ, ಒಬ್ಬರೂ ‘ಆಹಾ, ಎಂಥ ಕೈ’ ಅಂತ ಚಪ್ಪಾಳೆ ಹೊಡೆದಿಲ್ಲ. ಅರ್ಧ ಜನ ನಮ್ಮಜ್ಜನಿಂದ ಹಿಡಿದು ಬೈತಾರೆ."

"ಅವರಿಗೆ ವಾಸಿ ಆಗುತ್ತಲ್ಲ! ನನ್ನಿಂದ ಯಾರಿಗೆ ಏನಾಗುತ್ತೆ? ನಾನು ಅಲ್ಲಿ ನಿಂತಿದ್ರೂ ಒಂದೇ, ಇಲ್ದಿದ್ರೂ ಒಂದೇ. ಫ್ಯಾನ್ ನಿಂತ್ರೆ ಗೊತ್ತಾಗುತ್ತೆ ಜನಕ್ಕೆ, ನಾನು ನಿಂತ್ರೆ ಗೊತ್ತಾಗಲ್ಲ."

ಅವಳು ಪೇಪರ್ ಕಿತ್ಕೊಂಡು ಹಾಲು ತರೋಕೆ ಕಳಿಸಿದ್ಲು.

ಅವಳ ಅಣ್ಣನಿಗೆ ಕಬ್ಬಿಣದ ಅಂಗಡಿ. ಬೋಲ್ಟು, ನಟ್ಟು, ಕೀಲು, ಚಿಲಕ, ಬೀಗ. ಒಳ್ಳೇ ಮನುಷ್ಯ, ಬಾಯಿ ತೆರೆದು ‘ಇಲ್ಲ’ ಅನ್ನೋಕೆ ಬರಲ್ಲ. ಭಾವನ ಮನೆಗೆ ಹೋದಾಗ ನಮ್ಮೋನು ಊಟಕ್ಕೆ ಕೂತು, "ಭಾವಾ, ನನಗೊಂದು ಸ್ಟೂಲು ಹಾಕ್ಕೊಡಿ ನಿಮ್ಮ ಅಂಗಡೀಲಿ. ಪಿಟೀಲು ಮಾರಿಬಿಡ್ತೀನಿ" ಅಂದುಬಿಟ್ಟ. ಭಾವನಿಗೆ ಗಂಟಲಲ್ಲಿ ತುತ್ತು ನಿಂತಿತು. ನೀರು ಕುಡಿದು, "ಅದಕ್ಕೇನಂತೆ, ಬಾರಪ್ಪಾ. ಸೋಮವಾರ ಬಾ, ಮಾತಾಡೋಣ" ಅಂದ.

ಆ ಶನಿವಾರ ಬೆಳಿಗ್ಗೆ ಗಂಡ ಹೆಂಡ್ತಿ ಪಾತ್ರೆ ತೊಳೀತಾ ಇದ್ರು. ಅವಳು ತಿಕ್ಕೋದು, ಇವನು ಜಾಲಿಸೋದು. ಅವಳು ತಡೆಯೋಕಾಗ್ದೆ ಹೇಳಿದ್ಲು, "ನೋಡು, ಕಬ್ಬಿಣ ಮಾರೋದು ತಪ್ಪಲ್ಲ, ನಮ್ಮಣ್ಣ ಮಾರ್ತಾನೆ. ನೀನು ಸಿಟ್ಟಿಗೆ ಮಾರೋಕೆ ಹೊರಟಿದ್ದೀಯ, ಅದು ತಪ್ಪು. ಯಾರಿಗೂ ಗೊತ್ತಾಗಲ್ಲ ಅಂತೀಯಲ್ಲ, ಸುಳ್ಳು ಅದು."

"ಸುಳ್ಳಾ? ಇವತ್ತು ಸಂಜೆ ಹೋಗಿ ಸುಮ್ನೆ ಕಮಾನು ಆಡಿಸ್ತೀನಿ. ಸದ್ದೇ ಬರ್ದೇ ಇರೋ ಹಾಗೆ. ಒಬ್ಬರಿಗಾದ್ರೂ ಗೊತ್ತಾದ್ರೆ ಹೇಳು!"

"ಗೊತ್ತಾದ್ರೆ?"

"ಗೊತ್ತಾದ್ರೆ ಕಬ್ಬಿಣದ ಅಂಗಡಿ ಮಾತು ಎತ್ತಲ್ಲ. ಗೊತ್ತಾಗ್ಲಿಲ್ಲ ಅಂದ್ರೆ ಸೋಮವಾರ ನಾನು ಹೋಗ್ತೀನಿ, ನೀನು ಅಡ್ಡ ಬರಬಾರ್ದು."

"ಆಯ್ತು" ಅಂದ್ಲು. ಅಂದಳೇನೋ. ಆದ್ರೆ ಅವಳಿಗೂ ಒಳಗೊಳಗೇ ಅನ್ನಿಸಿತ್ತು, ಯಾರಿಗೂ ಗೊತ್ತಾಗಲ್ಲ ಅಂತ. ಸೋಪು ಕೈಯಲ್ಲೇ ಇತ್ತು. ನಮ್ಮ ಮಹಾಶಯ ಹೋಗಿ ಬೀರು ಮೇಲಿಂದ ಪೆಟ್ಟಿಗೆ ಇಳಿಸಿ, ಕಮಾನು ತೆಗೆದು, ಆ ಪಾತ್ರೆ ಸೋಪನ್ನೇ ಆ ತುದಿಯಿಂದ ಈ ತುದಿವರೆಗೆ ಚೆನ್ನಾಗಿ ಬಳಿದ. ಇದ್ದಿದ್ದೇ ಒಂದು ಕಮಾನು! ಬುದ್ಧಿ ನೆಟ್ಟಗಿರೋರು ಮಾಡೋ ಕೆಲಸಾನಾ ಇದು? ಬೆರಳಲ್ಲಿ ಬಿಗಿ ಹಿಡಿದು ತಂತಿ ಮುಟ್ಟಿಸ್ದೆ ಆಡಿಸಿದ್ರೆ ಆಗ್ತಿರಲಿಲ್ವಾ? ಆಗ್ತಿತ್ತು. ಆದ್ರೆ ಅವನಿಗೆ ತನ್ನ ಮೇಲೆ ತನಗೇ ನಂಬಿಕೆ ಇಲ್ಲ. ತಂತಿ ಮೇಲೆ ಕಮಾನು ಇಟ್ರೆ ಅವನ ಕೈ ತಾನಾಗೇ ನುಡಿಸಿಬಿಡುತ್ತೆ. ಅದಕ್ಕೆ ಪಿಟೀಲಿನ ಬಾಯಿಗೇ ಬೀಗ ಹಾಕಿದ.

ಸಂಜೆ ಹೋಟೆಲ್ಲು ಭರ್ತಿ. ನಮ್ಮೋನು ಕಟ್ಟೆ ಹತ್ತಿ, ಗಲ್ಲಕ್ಕೆ ಪಿಟೀಲು ಕೊಟ್ಟು, ಕಣ್ಣು ಅರ್ಧ ಮುಚ್ಚಿ, ಕಮಾನು ಎಳೆದ. ನುಣ್ಣಗೆ ಜಾರಿತು. ಸದ್ದಿಲ್ಲ. ಬೆರಳು ಓಡಿಸಿದ, ತಲೆ ಆಡಿಸಿದ, ನೋವಾದ ಹಾಗೆ ಮುಖ ಕೂಡ ಕಿವುಚಿದ. ನೋಡೋಕೆ ಭರ್ಜರಿ ಕಚೇರಿ. ಕೇಳೋಕೆ ಏನೂ ಇಲ್ಲ.

ಯಾರೂ ಈ ಕಡೆ ತಿರುಗಲಿಲ್ಲ.

‘ಹೇಳ್ಲಿಲ್ವಾ ನಾನು’ ಅಂತ ಅಂದುಕೊಂಡ. ಗೆದ್ದೋನಿಗೆ ಖುಷಿ ಆಗ್ಬೇಕು ತಾನೇ? ಆಗ್ಲಿಲ್ವಂತೆ. ಒಂದು ಹಾಡು ಮುಗಿಸಿದ, ಇನ್ನೊಂದು ಶುರು ಮಾಡಿದ. ಸೋಮವಾರ ಬೆಳಿಗ್ಗೆ ಸ್ಟೂಲ ಮೇಲೆ ಕೂತು ಬೀಗ ಮಾರೋದನ್ನ ಕಣ್ಣ ಮುಂದೆ ತಂದ್ಕೊಂಡ. ಅಷ್ಟರಲ್ಲಿ ಕಿವಿಗೆ ಏನೋ ಹೊಸದು ಬಿತ್ತು.

ಚಮಚದ ಸದ್ದು.

ಇಷ್ಟು ವರ್ಷದಲ್ಲಿ ಆ ಹಾಲಲ್ಲಿ ಚಮಚದ ಸದ್ದು ಅವನು ಕೇಳಿರಲೇ ಇಲ್ಲ. ಮೊದಲು ಒಂದು ಟೇಬಲ್ಲಲ್ಲಿ ಮಾತು ತಗ್ಗಿತು, ಆಮೇಲೆ ಪಕ್ಕದ್ದರಲ್ಲಿ. ಯಾರೋ ಉಪ್ಪು ಕೇಳಿದ್ರು, ಅದು ಮೆಟ್ಟಿಲವರೆಗೆ ಕೇಳಿಸ್ತು. ಒಬ್ಬರು ಸೂಪು ಸುರ್ ಅಂತ ಎಳೆದ್ರು, ಹತ್ತು ತಲೆ ತಿರುಗಿದ್ವು. ಆಗ ನೋಡಿ, ದಪ್ಪ ಮೀಸೆಯೋರೊಬ್ಬರು, ದಿನಾ ಬರೋರು, ಯಾವಾಗಿನ ಅಭ್ಯಾಸದ ಮೇಲೆ ಗಟ್ಟಿಯಾಗಿ ಹೆಂಡ್ತಿಗೆ, "ಅಲ್ವೇ, ನಿನ್ನ ತಮ್ಮ ಇನ್ನೂ ಎಷ್ಟು ತಿಂಗಳು ನಮ್ಮನೇಲಿ ಬಿದ್ದಿರ್ತಾನೆ?" ಅಂದುಬಿಟ್ರು!

ಹಾಲಿಗೆ ಹಾಲೇ ತಿರುಗಿತು. ಆ ತಮ್ಮನೂ ಅಲ್ಲೇ ಕೈ ತೊಳೆಯೋಕೆ ಬೇಸಿನ್ ಹತ್ರ ನಿಂತಿದ್ದ. ನಲ್ಲಿ ತಿರುಗಿಸೋದೇ ಮರೆತು ನಿಂತ್ಕೊಂಡ. ಮೀಸೆಯೋರು ಮೀಸೆ ಒಳಗೇ ಅಡಗಿಕೊಳ್ಳೋಕೆ ನೋಡಿದ್ರು.

ಅದಾದ ಮೇಲೆ ಒಬ್ಬರೂ ಬಾಯಿ ಬಿಡಲಿಲ್ಲ. ಕಿಟಕಿ ಪಕ್ಕ ವಾರವಾರ ಬಂದು ಪಿಸಪಿಸ ಅಂತಿದ್ದ ಜೋಡಿ, ಉಪ್ಪಿನ ಡಬ್ಬೀನ ದಿಟ್ಟಿಸ್ತಾ ಕೂತಿದ್ವು. ಹಲ್ಲು ಕೀಳೋ ಡಾಕ್ಟರ ಹತ್ರ ಕಾಯೋಕೆ ಕೂತಿರ್ತಾರಲ್ಲ, ಹಾಗೆ ಇಡೀ ಹಾಲು. ದೊಡ್ಡ ಸಪ್ಲಯರ್ರು ಚಪ್ಪಲಿ ಸದ್ದು ಕೇಳಿಸುತ್ತೆ ಅಂತ ತುದಿಗಾಲಲ್ಲಿ ನಡೆಯೋಕೆ ಶುರು ಮಾಡಿದ್ರು. ಮೇಷ್ಟ್ರ ಮನೇಲಿ ಇರ್ತಿತ್ತಲ್ಲ, ಅಂಥದೇ ನಿಶ್ಶಬ್ದ! ನಮ್ಮೋನು ಹುಡುಗನಾಗಿದ್ದಾಗಿಂದ ಬಯಸಿದ್ದು ಇದನ್ನೇ. ಈಗ ಸಿಕ್ಕಿತು. ಬೆನ್ನಲ್ಲಿ ಬೆವರು ಇಳೀತಾ ಇತ್ತು.

ಕಂಬದ ಪಕ್ಕದ ಟೇಬಲ್ಲಿಂದ ಒಬ್ಬರು ಎದ್ದು ಬಂದ್ರು. ಟೀಚರಮ್ಮ ಅಂತ ಎಲ್ಲರೂ ಕರೆಯೋರು, ಸ್ಕೂಲಿಂದ ರಿಟೈರ್ ಆದೋರು. ಶನಿವಾರ ಬಂತು ಅಂದ್ರೆ ತಂಗಿ ಜೊತೆ ಅದೇ ಟೇಬಲ್ಲಿಗೆ ಬಂದು, ಕೂತಾಗಿನಿಂದ ಏಳೋವರೆಗೆ ಮಾತಾಡೋರು. ನಮ್ಮೋನಿಗೆ ಅವರನ್ನ ಕಂಡ್ರೇ ಆಗ್ತಿರಲಿಲ್ಲ. ಅವರು ಬಂದು ಕಟ್ಟೆ ಹತ್ರ ನಿಂತು, ತರಗತೀಲಿ ಹುಡುಗರನ್ನ ಕೇಳೋ ಧಾಟೀಲಿ, ಆದ್ರೆ ಪಿಸುಮಾತಲ್ಲಿ ಕೇಳಿದ್ರು.

"ಏನಪ್ಪಾ ಇದು ಆಟ? ಯಾಕೆ ನಿಲ್ಲಿಸಿದ್ದೀಯ?"

"ನಾನೆಲ್ಲಿ ನಿಲ್ಲಿಸಿದೆ ಅಮ್ಮಾ, ನುಡಿಸ್ತಾ ಇದ್ದೀನಲ್ಲ" ಅಂದ ಇವನು. ಮರ್ಯಾದೆ ಇಲ್ದೋನು, ಇನ್ನೂ ಕಮಾನು ಆಡಿಸ್ತಾ ಇದ್ದಾನೆ!

"ಯಾರಿಗೆ ಹೇಳ್ತೀಯ? ನಾನೇನು ಕಿವುಡೀನಾ? ಇಲ್ಲಿ ಒಬ್ಬರಿಗೂ ಮಾತಾಡೋಕೆ ಆಗ್ತಿಲ್ಲ."

ನಮ್ಮೋನಿಗೆ ಇಷ್ಟು ವರ್ಷದ್ದೆಲ್ಲಾ ಒಟ್ಟಿಗೆ ಬಂತು. "ಮಾತಾಡೋಕಾ? ನಾನು ಇಲ್ಲಿ ನಿಂತಿರೋದು ನೀವು ಮಾತಾಡ್ಲಿ ಅಂತಾನಾ? ಇಷ್ಟು ವರ್ಷ ನುಡಿಸಿದ್ದೀನಿ, ಒಂದು ದಿನ ಕೇಳಿದ್ದೀರಾ ನೀವು?"

ಟೀಚರಮ್ಮ ಕಣ್ಣು ಬಿಟ್ಕೊಂಡು ನೋಡಿದ್ರು. ಬೈತಾರೆ ಅಂದುಕೊಂಡ. ಅವರು ಇನ್ನೂ ಹತ್ರ ಬಂದ್ರು.

"ನಮ್ಮನೆ ಎರಡು ರೂಮು, ಏಳು ಜನ. ನನ್ನ ತಂಗಿ ಮನೆ ಇನ್ನೂ ಚಿಕ್ಕದು. ಒಂದು ಕಷ್ಟ ಸುಖ ಹೇಳ್ಕೋಬೇಕು ಅಂದ್ರೆ ಸೊಸೆ ಕಿವಿ, ಅಳಿಯನ ಕಿವಿ, ಮಕ್ಕಳ ಕಿವಿ. ನಾವಿಬ್ರೂ ಇಲ್ಲಿಗೆ ಯಾಕೆ ಬರ್ತೀವಿ ಅಂದ್ಕೊಂಡಿದ್ದೀಯ? ನಿಮ್ಮ ಸೂಪಿಗಾ? ಆ ಸೂಪು ಮನುಷ್ಯರು ಕುಡಿಯೋದಾ? ನೀನು ನುಡಿಸ್ತಿದ್ರೆ ನಮ್ಮ ಮಾತು ನಮ್ಮ ಟೇಬಲ್ಲು ದಾಟಲ್ಲ. ಮೊದಲು ಆ ನಿಧಾನದ್ದು ನುಡಿಸ್ತೀಯಲ್ಲ, ಅಳೋ ಹಾಗಿರೋದು, ಆಗ ಅವಳು ತನ್ನ ಗಂಡನ ವಿಷ್ಯ ಹೇಳ್ತಾಳೆ. ನಡುವೆ ಜೋರಾಗಿ ಒಂದು ಬರುತ್ತೆ, ಆಗ ನಾನು ಸೊಸೆ ಮೇಲೆ ಚಾಡಿ ಹೇಳ್ತೀನಿ. ಕೊನೇಗೆ ಆ ಕುಣಿಯೋ ಹಾಡು. ಅದು ಬಂದ್ರೆ ಎದ್ದು ಮುಖ ತೊಳ್ಕೊಂಡು ಮನೆಗೆ ಹೊರಡ್ತೀವಿ. ಕೇಳಿದ್ದೀರಾ ಅಂತಾನೆ!"

ಇವನ ಕೈ ನಿಂತು ಹೋಯ್ತು. ಯಾವ ಹಾಡು ಆದ್ಮೇಲೆ ಯಾವುದು ಅಂತ ಈಕೆಗೆ ಗೊತ್ತಿದೆ! ಹೆಂಡ್ತಿಗೂ ಗೊತ್ತಿಲ್ಲ ಅದು.

ಟೀಚರಮ್ಮ ಹಿಂದೆ ತಿರುಗಿ ಕಂಬದ ಕಡೆ ನೋಡಿದ್ರು. ಅಲ್ಲಿ ತಂಗಿ ಕರ್ಚೀಫು ಹಿಂಡ್ತಾ ಕೂತಿದ್ರು, ತಟ್ಟೆ ಮುಟ್ಟಿರಲಿಲ್ಲ. "ಎದೇಲಿ ಗಂಟು ಆಗಿತ್ತು ಅವಳಿಗೆ. ಮನೇಲಿ ಯಾರಿಗೂ ಹೇಳಿಲ್ಲ, ನನಗೊಬ್ಬಳಿಗೇ ಗೊತ್ತು. ಇವತ್ತು ಬೆಳಿಗ್ಗೆ ಡಾಕ್ಟರ್ ಹತ್ರ ಹೋಗಿ ಬಂದಿದ್ದಾಳೆ. ಅವರು ಏನಂದ್ರು ಅಂತ ಬಾಯಿ ಬಿಡ್ತಿಲ್ಲ. ಈ ಮೌನದಲ್ಲಿ ಹೇಗೆ ಬಿಡ್ತಾಳೆ? ಆಚೆ ಟೇಬಲ್ಲಲ್ಲಿ ಅವಳ ಬೀದಿಯೋರೇ ಕೂತಿದ್ದಾರೆ. ನನ್ನ ಜೀವ ಬಾಯಿಗೆ ಬಂದಿದೆ. ನುಡಿಸಪ್ಪಾ. ಏನಾದ್ರೂ ನುಡಿಸು."

ಏನು ನುಡಿಸ್ತಾನೆ? ಕಮಾನಿಗೆ ಸೋಪು! ರಾಳ ತೆಗೆದು ಉಜ್ಜಿದ, ರಾಳ ಅಂಟ್ಲಿಲ್ಲ. ಅಂಗಿ ತುದೀಲಿ ಒರೆಸಿದ, ಅಂಗಿಗೆ ನೊರೆ ಬಂತು. ಪಿಟೀಲು ಮೇಲೆ ಎಳೆದ್ರೆ ಇಲಿ ಉಸಿರಾಡಿದ ಹಾಗೆ ಒಂದು ಸದ್ದು. ಅಳು ಬಂತಂತೆ ಅವನಿಗೆ. ತನ್ನನ್ನ ತಾನು ಬೈಕೊಂಡಿದ್ದನ್ನ ಇಲ್ಲಿ ಹೇಳೋ ಹಾಗಿಲ್ಲ, ಮಕ್ಕಳು ಕೇಳಿಸ್ಕೋತಾವೆ.

ಆಗ ಏನು ಮಾಡಿದ ಗೊತ್ತಾ? ಕಮಾನನ್ನ ಬೇಸಿನ್ ಮೇಲೆ ಎಸೆದು, ಪಿಟೀಲನ್ನ ಗಲ್ಲದಿಂದ ಇಳಿಸಿ, ಮಗೂನ ಎತ್ತಿಕೊಂಡ ಹಾಗೆ ತೊಡೆ ಮೇಲೆ ಅಡ್ಡ ಇಟ್ಕೊಂಡು, ಕಟ್ಟೆ ಅಂಚಲ್ಲೇ ಕೂತು, ಬೆರಳಿಂದ ತಂತಿ ಮೀಟೋಕೆ ಶುರು ಮಾಡಿದ. ಟಿಣ್, ಟಿಣ್, ಟಿಣ್. ಅದೇ ನಿಧಾನದ ಹಾಡು. ಸಣ್ಣ ಸದ್ದು, ಹೆಂಚಿನ ಮೇಲಿಂದ ಹನಿ ಬಿದ್ದ ಹಾಗೆ. ಇಷ್ಟು ಸಣ್ಣ ಸದ್ದಿನ ಹಿಂದೆ ಯಾರು ತಾನೇ ಬಚ್ಚಿಟ್ಟುಕೊಳ್ಳೋಕಾಗುತ್ತೆ? ಜನ ಎಲ್ಲಾ ಅವನನ್ನೇ ನೋಡ್ತಾ ಇದ್ದಾರೆ! ಇಷ್ಟು ವರ್ಷ ನೋಡದೋರು, ಈಗ ಕೈ ಕಟ್ಕೊಂಡು ಕೇಳ್ತಾ ಇದ್ದಾರೆ.

ನಮ್ಮೋನು ಮನಸ್ಸಲ್ಲೇ ಕೈಮುಗಿದ. "ಮಾತಾಡ್ರಪ್ಪಾ. ದಯವಿಟ್ಟು ಯಾರಾದ್ರೂ ಒಬ್ಬರು ಮಾತಾಡಿ."

ದೊಡ್ಡ ಸಪ್ಲಯರ್ರಿಗೆ ಏನು ಹೊಳೀತೋ, ಚಪ್ಪಲಿ ಎಳೆದು ನಡೆಯೋಕೆ ಶುರು ಮಾಡಿದ್ರು. ಅಡುಗೆಮನೆ ಬಾಗಿಲು ಡಬ್ ಅಂತ ಬಿಟ್ರು. ಒಳಗೆ ಯಾರೋ ಬಾಣಲೆ ಇಟ್ರು. ಮೀಸೆಯೋರ ಹೆಂಡ್ತಿ ಹಲ್ಲು ಕಚ್ಕೊಂಡು ಏನೋ ಅಂದ್ಲು. ಮೀಸೆಯೋರು "ತಪ್ಪಾಯ್ತು ಮಾರಾಯ್ತಿ" ಅಂದ್ರು. ಕಿಟಕಿ ಪಕ್ಕದ ಹುಡುಗಿ ಕಿಸಕ್ ಅಂತ ನಕ್ಕಳು. ಹುಡುಗ ಬಗ್ಗಿ ಏನೋ ಹೇಳಿದ. ಒಂದು ಟೇಬಲ್ಲು ಹೊತ್ತಿಕೊಂಡ್ರೆ ಪಕ್ಕದ್ದು ಹೊತ್ತಿಕೊಳ್ಳುತ್ತಲ್ಲ, ಮಂಡಿ ನೋವು ಶುರು, ಮನೆ ಬಾಡಿಗೆ ಶುರು, ನಾಯಿ ಶುರು. ಅವರು ಜೋರಾದಂಗೆ ಇವನೂ ಜೋರಾಗಿ ಮೀಟಿದ. ಬೆರಳ ತುದಿ ಉರೀತಾ ಇತ್ತು, ಬಿಡಲಿಲ್ಲ. ಕಣ್ಣು ಮಾತ್ರ ಕಂಬದ ಮೇಲೆ.

ತಂಗಿ ಬಗ್ಗಿದ್ರು. ಅಕ್ಕನ ಕಿವಿ ಹತ್ರ ಬಾಯಿ ಇಟ್ರು. ಏನು ಹೇಳಿದ್ರೋ ದೇವರಿಗೇ ಗೊತ್ತು. ಟೀಚರಮ್ಮ ಎರಡೂ ಕೈಯಿಂದ ಮುಖ ಮುಚ್ಕೊಂಡ್ರು. ಇವನು ಮೀಟೋದು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದ್ರೆ ಮತ್ತೆ ಎಲ್ಲಾ ಕೇಳಿಸಿಬಿಡುತ್ತಲ್ಲ. ಆಮೇಲೆ ಟೀಚರಮ್ಮ ಕೈ ತೆಗೆದ್ರು. ಮುಖ ಎಲ್ಲಾ ಒದ್ದೆ, ಬಾಯಿ ಕಿವಿವರೆಗೆ ನಗು. ತಂಗಿ ಬೆನ್ನ ಮೇಲೆ ಧಪ್ ಅಂತ ಒಂದು ಗುದ್ದಿದ್ರು. "ಇದನ್ನ ಹೇಳೋಕೆ ಇಷ್ಟು ಹೊತ್ತು ನನ್ನ ಜೀವ ತೆಗೆದ್ಯಾ!" ಅನ್ನೋದು ಮಾತ್ರ ಇಲ್ಲಿವರೆಗೆ ಕೇಳಿಸ್ತು. ಇವನ ಕಡೆ ತಿರುಗಿ, ಕಂಬದ ಹತ್ರದಿಂದಲೇ ಕೈ ಅಲ್ಲಾಡಿಸಿದ್ರು. ಏನೂ ಇಲ್ಲ, ಏನೂ ಇಲ್ಲ ಅನ್ನೋ ಹಾಗೆ.

ನಮ್ಮ ಚಿಕ್ಕೋನಿಗೆ ಆಗಿದ್ದು ಏನು ಅಂತ ಹೇಳೋಕೆ ಅವನಿಗೇ ಇವತ್ತಿಗೂ ಬರಲ್ಲ. ಬಿಗಿ ಕೋಟಿನ ಕಂಕುಳು ಬಿಚ್ಚಿದ ಹಾಗಾಯ್ತು ಅಂತಾನೆ. ಟೈಲರ್ ಮಗ ತಾನೇ, ಇನ್ನೇನು ಅಂತಾನೆ. ಕುಣಿಯೋ ಹಾಡು ಎತ್ತಿಕೊಂಡ. ಆ ಇಬ್ಬರೂ ಅಕ್ಕ ತಂಗಿ ಅವತ್ತು ಏಳಲೇ ಇಲ್ಲ, ಇನ್ನೊಂದೊಂದು ಸೂಪು ತರಿಸಿದ್ರು. ಆ ಸೂಪನ್ನೇ!

ಹೊರಡೋವಾಗ ಗಲ್ಲಾದಲ್ಲಿ ಯಜಮಾನ್ರು ಕರೆದ್ರು. ಕೆಲಸ ಹೋಯ್ತು ಅಂದುಕೊಂಡು ಹೋದ. ಅವರು ತಲೆ ಎತ್ತದೆ, "ಇವತ್ತು ಮೊದಲಲ್ಲಿ ಪಿಟೀಲು ಸ್ವಲ್ಪ ಜಾಸ್ತಿ ಜೋರಿತ್ತು. ಕಮ್ಮಿ ಮಾಡು" ಅಂದ್ರು. ಅವನಿಗೆ ನಗು ತಡೆಯೋಕಾಗ್ಲಿಲ್ಲ, ಮೆಟ್ಟಿಲ ಮೇಲೆ ಕೂತು ನಕ್ಕ.

ಭಾನುವಾರ ಬೆಳಿಗ್ಗೆ ಹೆಂಡ್ತಿ ಆಸ್ಪತ್ರೆ ಸ್ಪಿರಿಟ್ಟಲ್ಲಿ ಹತ್ತಿ ಅದ್ದಿ, ಗಾಯ ಒರೆಸೋ ಹಾಗೆ, ಒಂದೊಂದೇ ಎಳೆ ಕಮಾನು ಕೂದಲು ಒರೆಸ್ತಾ ಕೂತಿದ್ಲು. ಇವನ ಬೆರಳಿಗೆ ಆಗ್ಲೇ ಪಟ್ಟಿ ಕಟ್ಟಿದ್ಲು.

"ಯಾರು ಗೆದ್ರು ಈಗ?" ಅಂದ್ಲು.

"ನಾನೇ. ನಾನು ನುಡಿಸ್ತಿಲ್ಲ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಅವರ ಮಾತು ಅವರಿಗೆ ಕೇಳಿಸ್ತು, ಅಷ್ಟೇ."

"ಟೀಚರಮ್ಮ ಎದ್ದು ಬಂದಿದ್ದು?"

"ಅದು ಆ ಸೂಪು ಸರಿ ಇಲ್ಲ ಅಂತ ಹೇಳೋಕೆ."

"ಪಿಟೀಲು, ಸ್ಪಿರಿಟ್ಟು ಇನ್ನೂ ಇದೆ, ಬೆರಳ ಮೇಲೆ ಹಾಕ್ಲಾ?"

"ನೀನೇ ಗೆದ್ದಿದ್ದು, ನೀನೇ" ಅಂತ ಕೈ ಹಿಂದಕ್ಕೆ ಎಳ್ಕೊಂಡ.

ಆದ್ರೂ ಸೋಮವಾರ ಹೋಗ್ಲೇಬೇಕಲ್ಲ, ಭಾವನಿಗೆ ಮಾತು ಕೊಟ್ಟಾಗಿತ್ತು. ದಾರಿಯುದ್ದಕ್ಕೂ ಏನು ಹೇಳ್ಬೇಕು ಅಂತ ಬಾಯಿಪಾಠ ಮಾಡ್ಕೊಂಡು ಹೋದ. ಪಾಪ, ಸ್ಟೂಲು ಮಾಡಿಸಿಟ್ಟಿರ್ತಾರೆ, ಜಾಗ ಬಿಡಿಸಿರ್ತಾರೆ, ಮನಸ್ಸಿಗೆ ಬೇಜಾರು ಮಾಡ್ಕೋತಾರೆ. ಅಂಗಡೀಲಿ ಭಾವ ಬೀಗಗಳ ಮಧ್ಯೆ ಕೂತಿದ್ದ, ಮುಖ ಬಾಡಿ ಹೋಗಿತ್ತು.

"ಭಾವಾ, ತಪ್ಪು ತಿಳ್ಕೋಬೇಡಿ. ನಾನು ಹೋಟೆಲ್ಲಲ್ಲೇ ಇದ್ದುಬಿಡ್ತೀನಿ. ನಿಮ್ಮ ಅಂಗಡಿಗೆ ಬರೋಕೆ ಆಗಲ್ಲ."

ಭಾವ ಎದ್ದು ನಿಂತ. ಟೇಬಲ್ಲು ಸುತ್ತಿ ಬಂದು ಇವನ ಎರಡೂ ಹೆಗಲು ಹಿಡ್ಕೊಂಡ.

"ನಿಜವಾಗ್ಲೂನಾ?"

"ನಿಜ ಭಾವಾ."

"ಆಮೇಲೆ ಮನಸ್ಸು ಬದಲಾಯಿಸಲ್ಲ ತಾನೇ?"

"ಇಲ್ಲ."

"ಅಬ್ಬಾ, ಬದುಕಿದೆ ಕಣಯ್ಯಾ!" ಅಂದ ಭಾವ. ಅಂಥಾ ಸಾಧು ಮನುಷ್ಯ, ಅಂಗಡಿ ಅನ್ನೋದೂ ಮರೆತು ಕೂಗಿದ. "ಮೂರು ದಿನ ಆಯ್ತು ನಾನು ಕಣ್ಣು ಮುಚ್ಚಿ. ಹೋದ ಬೇಸಿಗೇಲಿ ಒಂದು ಮಧ್ಯಾಹ್ನ ನಿನ್ನ ಕೂರಿಸಿ ಹೋಗಿದ್ದೆನಲ್ಲ, ಜ್ಞಾಪಕ ಇದ್ಯಾ? ಗಿರಾಕಿ ಬೋಲ್ಟ್ ಕೇಳಿದ್ರೆ ಒಂದೊಂದನ್ನೂ ನೆಲಕ್ಕೆ ಬೀಳಿಸಿ, ‘ಇದರ ಶ್ರುತಿ ಸ್ವಲ್ಪ ಇಳೀತು, ಇದು ಸರಿ ಇದೆ’ ಅಂತ ಕಿವಿ ಕೊಟ್ಟು ಆರಿಸಿಕೊಡ್ತಿದ್ಯಂತೆ! ಆ ಮನುಷ್ಯ ಇವತ್ತಿಗೂ ನನ್ನ ಅಂಗಡಿಗೆ ಬರಲ್ಲ. ನನ್ನ ತಂಗಿ ಮುಖ ನೋಡಿ ಹೂಂ ಅಂದಿದ್ದೆ ನಾನು."

ನಮ್ಮೋನಿಗೆ ಕೋಪ ಮಾಡ್ಕೋ‌ಬೇಕೋ ನಗಬೇಕೋ ತಿಳೀಲಿಲ್ಲ. "ಆ ಬೋಲ್ಟಲ್ಲಿ ನಿಜವಾಗ್ಲೂ ಒಂದು ಇಳಿದಿತ್ತು ಭಾವಾ" ಅಂತ ಹೇಳೋಕೆ ಹೋದ. ಭಾವ ಅವನ ಬಾಯಿ ಮುಚ್ಚಿಸಿ, ಪಕ್ಕದ ಅಂಗಡಿಗೆ ಎರಡು ಕಾಫಿಗೆ ಕೂಗಿದ. ಇಬ್ರೂ ಬೀಗಗಳ ಮಧ್ಯೆ ಕೂತು ಕಾಫಿ ಕುಡಿದು, ಗಂಟೆಗಟ್ಟಲೆ ಹರಟೆ ಹೊಡೆದ್ರಂತೆ. ಆಚೆ ಬೀದೀಲಿ ಯಾರೋ ರೇಡಿಯೋ ಹಾಕಿದ್ರಂತೆ, ಏನು ಹಾಡು ಬರ್ತಿತ್ತೋ ಇಬ್ಬರಿಗೂ ನೆನಪಿಲ್ಲ.